ಅಪ್‌ಡೇಟ್: ಶಿರಾ ಕುರಿಗಳ ಸೀನಿಗೆ ಕಾರಣ ಮೂಗಿನ ಹುಳುವೇ

ಕುರಿಗಳು ಸೀನುತ್ತಾ ತಲೆ ಒದರುತ್ತಿವೆ, ಗಟ್ಟಿ ಸಿಂಬಳ ಇಳೀತಿದೆ, ಇದು ನೆಗಡಿಯೋ ತಲೆಸುತ್ತು ರೋಗವೋ ಎಂದು ಕೇಳಿದ್ದೆ. ಉತ್ತರ ಸಿಕ್ಕಿತು: ಮೂಗಿನ ನೊಣದ ಮರಿಹುಳು, ಈಸ್ಟ್ರಸ್ ಓವಿಸ್.

ಹಿಕ್ಕೆ ಪರೀಕ್ಷೆಯಲ್ಲಿ ಇದು ಕಾಣೋದೇ ಇಲ್ಲ. ನೊಣ ಮೊಟ್ಟೆಯಿಡದೆ ನೇರವಾಗಿ ಹೊಳ್ಳೆಗೆ ಜೀವಂತ ಮರಿ ಚಿಮ್ಮಿಸುತ್ತದೆ, ಆಗ ಅದು ಬರೀ 1 ಮಿ.ಮೀ. ಸತ್ತ ಕುರಿಯ ತಲೆಯನ್ನು ಉದ್ದಕ್ಕೆ ಸೀಳಿಸಿದಾಗ ಹಣೆಯ ಪೊಳ್ಳಿನಲ್ಲಿ 2 ಸೆಂ.ಮೀ. ಉದ್ದದ ದಪ್ಪ ಹುಳುಗಳು, ಬೆನ್ನ ಮೇಲೆ ಕಪ್ಪು ಪಟ್ಟೆ. ಅನುಮಾನ ಅಲ್ಲಿಗೆ ಮುಗಿಯಿತು.

ಒಂದೇ ಕಡೆಗೆ ಸುತ್ತುತ್ತಿದ್ದರೆ, ತಲೆಬುರುಡೆ ಮೆತ್ತಗಾಗಿದ್ದರೆ ಮಿದುಳಿನ ಗುಳ್ಳೆಯನ್ನು, ಅಂದರೆ ತಲೆಸುತ್ತು ರೋಗವನ್ನು ಶಂಕಿಸಿ. ಜ್ವರ, ಬಾಯಿಹುಣ್ಣು, ಭೇದಿ ಸೇರಿದ್ದರೆ ಪಿಪಿಆರ್ (ಕುರಿ-ಮೇಕೆಗಳಲ್ಲಿ ಹರಡುವ ವೈರಸ್ ರೋಗ) ಇರಬಹುದು. ತಕ್ಷಣ ಪಶುವೈದ್ಯರಿಗೆ ತಿಳಿಸಿ.

ಮದ್ದು 1% ಐವರ್‌ಮೆಕ್ಟಿನ್, ಚರ್ಮದಡಿ, 50 ಕೆ.ಜಿ.ಗೆ 1 ಮಿ.ಲೀ. ಅಂದರೆ 25 ಕೆ.ಜಿ. ಕುರಿಗೆ ಅರ್ಧ. ಕಣ್ಣಂದಾಜು ಬೇಡ, ತೂಗಿಯೇ ಕೊಡಿ. ಕಮ್ಮಿಯಾದರೆ ಹುಳು ಉಳಿಯುತ್ತದೆ. ಇಡೀ ಹಿಂಡಿಗೆ ಒಂದೇ ದಿನ ಹಾಕಿಸಿ. ಸೀನಿ ಬಿದ್ದ ಹುಳುವನ್ನು ಹೊಸಕಿಬಿಡಿ, ಬಿಟ್ಟರೆ ಮಣ್ಣಲ್ಲಿ ಕೋಶ ಕಟ್ಟಿ ಮತ್ತೆ ನೊಣವಾಗುತ್ತದೆ. ಕುರಿ ಕಾಯುವವರ ಕಣ್ಣಿಗೂ ಈ ನೊಣ ಮರಿ ಚಿಮ್ಮಿಸಬಲ್ಲದು. ಕಣ್ಣಲ್ಲಿ ಏನೋ ಹರಿದಾಡಿದಂತಾದರೆ ಉಜ್ಜದೆ ಕಣ್ಣಿನ ವೈದ್ಯರ ಬಳಿ ಹೋಗಿ.