ಸೆರಾಮಿಕ್ ಬ್ರೇಕ್ ‘ಪಿಂಗಾಣಿ’ಯೇ? ಸ್ಟೀಲ್ ಬ್ರೇಕ್ ‘ಉಕ್ಕೇ’?

ಗೆಳೆಯರೇ,

ಸ್ಪೋರ್ಟ್ಸ್ ಕಾರುಗಳ ಬ್ರೇಕ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸೆರಾಮಿಕ್ ಬ್ರೇಕ್ ಹಾಕಿಸಿಕೊಳ್ಳಬೇಕೋ, ಸ್ಟೀಲ್ ಬ್ರೇಕ್ ಸಾಕೋ ಅನ್ನುವುದು ವಿಷಯ. ಹೇಳಬೇಕಾದದ್ದು ನನಗೆ ಗೊತ್ತು. ಆದರೆ ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ನೆರವು ಬೇಕು.

ಮೊದಲ ಕರಡಿನಲ್ಲಿ ‘ಪಿಂಗಾಣಿ ಬ್ರೇಕ್’, ‘ಉಕ್ಕಿನ ಬ್ರೇಕ್’ ಎಂದು ಬರೆದಿದ್ದೆ. ಓದಲು ಹಿತವಾಗಿತ್ತು. ತಂಗಿಗೆ ಓದಲು ಕೊಟ್ಟೆ. ತಲೆಬರಹ ಓದಿದ ಕೂಡಲೇ ಅವಳು ಕೇಳಿದಳು: “ಪಿಂಗಾಣಿ ಒಡೆದು ಹೋಗಲ್ವಾ? ಅದನ್ನ ಯಾರಾದ್ರೂ ಬ್ರೇಕಿಗೆ ಹಾಕ್ತಾರಾ? ಉಕ್ಕೇ ಗಟ್ಟಿ ಅಲ್ವಾ ಅಣ್ಣ?” ಯಾವ ಬ್ರೇಕಿನ ಗುಣ ಏನು ಎಂದು ಅವಳು ಇನ್ನೂ ಓದಿಯೇ ಇರಲಿಲ್ಲ. ಆದರೂ ಆಯ್ಕೆ ಮುಗಿದಿತ್ತು. ಆ ಎರಡು ಪದಗಳೇ ಅವಳ ಪರವಾಗಿ ಆರಿಸಿದ್ದವು. ನೋಡಿದರೆ ಆ ಎರಡೂ ತಪ್ಪು ಪದಗಳು.

ಮೊದಲು ಪಿಂಗಾಣಿ. ‘ಸೆರಾಮಿಕ್’ ಪದದ ಬೇರು ಗ್ರೀಕ್ ಭಾಷೆಯ ‘ಕೆರಮೋಸ್’. ಕುಂಬಾರನ ಮಣ್ಣು, ಸುಟ್ಟ ಮಡಕೆ ಎಂದು ಅರ್ಥ. ಹಾಗಾಗಿ ಬಟ್ಟಲು, ತಟ್ಟೆ, ಜಾಡಿಗಳ ಮಾತು ಬಂದಾಗ ನಮ್ಮ ಪಿಂಗಾಣಿ ಸರಿಯಾಗಿ ಕೂರುತ್ತದೆ. ಆದರೆ ಕಾರಿನ ಸೆರಾಮಿಕ್ ಡಿಸ್ಕ್‌ನಲ್ಲಿ ಮಣ್ಣಿನ ಸಂಬಂಧವೇ ಇಲ್ಲ. (ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ.) ಕಾರ್ಬನ್ ನಾರಿನ ತುಂಡುಗಳನ್ನು ರಾಳದ ಜೊತೆ ಅಚ್ಚಿನಲ್ಲಿ ಒತ್ತುತ್ತಾರೆ. ಅದನ್ನು ಗಾಳಿ ತಾಗದ ಕುಲುಮೆಯಲ್ಲಿ ಸುಟ್ಟಾಗ ರಾಳವೂ ಕಾರ್ಬನ್ ಆಗುತ್ತದೆ, ಒಳಗೆಲ್ಲ ಸಣ್ಣ ಸಣ್ಣ ಸಂದುಗಳು ಉಳಿಯುತ್ತವೆ. ಆಮೇಲೆ ಕರಗಿದ ಸಿಲಿಕಾನ್ ಅನ್ನು ಆ ಸಂದುಗಳಿಗೆ ಕುಡಿಸುತ್ತಾರೆ. ಸಿಲಿಕಾನ್ ಕರಗುವುದೇ 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿಯಲ್ಲಿ ಅದು ಕಾರ್ಬನ್ ಜೊತೆ ಬೆರೆತು ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಕತ್ತಿ ಮಸೆಯುವ ಕಾರ್ಬೊರಂಡಂ ಸಾಣೆಕಲ್ಲಿನಲ್ಲಿ ಇರುವುದೂ ಇದೇ ವಸ್ತು. ಅಂದರೆ ಈ ಡಿಸ್ಕ್ ಚಹಾ ಕಪ್ಪಿಗಿಂತ ಸಾಣೆಕಲ್ಲಿಗೆ ಹತ್ತಿರದ ನೆಂಟ. ಜೊತೆಗೆ ಒಳಗಿನ ನಾರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಾರಲ್ಲ, ಹಾಗೆ.

ತಂಗಿಯ ಪ್ರಶ್ನೆ ಪೂರ್ತಿ ತಪ್ಪಲ್ಲ ಅನ್ನುವುದನ್ನೂ ಹೇಳಬೇಕು. ಚಕ್ರ ಬಿಚ್ಚುವಾಗ, ಹಾಕುವಾಗ ರಿಮ್ ಹೋಗಿ ಡಿಸ್ಕ್‌ನ ಅಂಚಿಗೆ ಬಡಿದರೆ ಚಕ್ಕೆ ಏಳಬಹುದು. ಅದಕ್ಕೇ ಚಕ್ರವನ್ನು ನೇರವಾಗಿ ಜಾರಿಸಲು ಉದ್ದನೆಯ ಪಿನ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ಆದರೆ ಓಡುವಾಗ ಬ್ರೇಕ್ ಒತ್ತಿದರೆ ಬಟ್ಟಲಿನ ಹಾಗೆ ಚೂರಾಗುತ್ತದೆ ಅನ್ನುವ ಭಯ ಬೇಡ. ‘ಪಿಂಗಾಣಿ’ ಪದ ಹುಟ್ಟಿಸುವುದು ಆ ಎರಡನೇ ಭಯವನ್ನೇ.

ಸುಮ್ನೆ ‘ಸೆರಾಮಿಕ್’ ಎಂದೇ ಬಿಡೋಣ ಎಂದುಕೊಂಡರೆ ಅಲ್ಲಿ ಇನ್ನೊಂದು ಗೋಜಲು. ‘ಸೆರಾಮಿಕ್ ಪ್ಯಾಡ್’ (ಡಿಸ್ಕ್ ಅನ್ನು ಅದುಮಿ ಹಿಡಿಯುವ ಬಿಲ್ಲೆ) ಅನ್ನುವುದು ಬೇರೆಯೇ ವಸ್ತು. ಅದು ಮನೆಮನೆಯ ಮಾಮೂಲಿ ಕಾರಿಗೂ ಸಿಗುತ್ತದೆ, ಮಾಮೂಲಿ ಲೋಹದ ಡಿಸ್ಕ್ ಮೇಲೆಯೇ ಉಜ್ಜುತ್ತದೆ, ಸದ್ದು ಮತ್ತು ಧೂಳು ಕಡಿಮೆ. “ನಮ್ಮ ಕಾರಿಗೂ ಸೆರಾಮಿಕ್ ಹಾಕಿಸಿದ್ದೀನಿ” ಎಂದು ಯಾರಾದರೂ ಹೇಳಿದರೆ ಹೆಚ್ಚಿನ ಪಾಲು ಅದು ಪ್ಯಾಡ್. ಸ್ಪೋರ್ಟ್ಸ್ ಕಾರಿನ ಮಾತಿನಲ್ಲಿ ಬರುವುದು ಡಿಸ್ಕ್. ಎರಡರ ಬೆಲೆಗೂ ಅಜಗಜಾಂತರ. ರೇಸ್ ಕಾರಿನ ‘ಕಾರ್ಬನ್ ಬ್ರೇಕ್’ ಮೂರನೆಯದು. ಫಾರ್ಮುಲಾ 1 ಕಾರುಗಳಲ್ಲಿ ಇರುವುದು ಪೂರ್ತಿ ಕಾರ್ಬನ್, ಸೆರಾಮಿಕ್ ಅಲ್ಲ. ಅದು ಚೆನ್ನಾಗಿ ಕಾದ ಮೇಲಷ್ಟೇ ಸರಿಯಾಗಿ ಹಿಡಿಯುತ್ತದೆ. ತಣ್ಣಗಿದ್ದಾಗ ನಂಬುವ ಹಾಗಿಲ್ಲ, ಹಾಗಾಗಿ ರಸ್ತೆಗೆ ಸಲ್ಲದು. ಈ ಮೂರೂ ಬೇರೆ ಬೇರೆ ಎಂದು ಓದುಗರಿಗೆ ಹೆಸರಿನಲ್ಲೇ ಗೊತ್ತಾಗಬೇಕು. ಹಾಗಾಗಿ ಮೊದಲ ಸಲ ‘ಕಾರ್ಬನ್ ಸೆರಾಮಿಕ್ ಡಿಸ್ಕ್’ ಎಂದು ಪೂರ್ತಿಯಾಗಿ, ಆಮೇಲೆ ‘ಸೆರಾಮಿಕ್ ಡಿಸ್ಕ್’ ಎಂದು ಬರೆಯುವುದು ಸರಿ ಅನ್ನಿಸಿದೆ. ‘ಡಿಸ್ಕ್’ ಪದವನ್ನು ಮಾತ್ರ ಎಲ್ಲೂ ಬಿಡಬಾರದು.

ಇನ್ನು ಉಕ್ಕು. ನನಗೆ ಇದೇ ಜಾಸ್ತಿ ಕಾಡಿದ್ದು. ಕಾರು ತಯಾರಿಸುವವರೂ ಕೊಳ್ಳುವವರೂ ಬಾಯಿಮಾತಿನಲ್ಲಿ ‘ಸ್ಟೀಲ್ ಬ್ರೇಕ್’ ಅನ್ನುತ್ತಾರೆ. ಆದರೆ ಆ ಡಿಸ್ಕ್ ಉಕ್ಕಿನದಲ್ಲ. ಅದು ಎರಕ ಹೊಯ್ದ ಕಬ್ಬಿಣ, ನಾವು ಬೀಡು ಕಬ್ಬಿಣ ಅನ್ನುವುದು. ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇ. 2ಕ್ಕಿಂತ ಕಡಿಮೆ. ಈ ಬೀಡಿನಲ್ಲಿ ಶೇ. 3ರ ಮೇಲೆ. ಹೆಚ್ಚಾದ ಕಾರ್ಬನ್ ಗ್ರಾಫೈಟ್ ಪದರುಗಳಾಗಿ ಲೋಹದ ಒಳಗೆ ಹರಡಿಕೊಂಡಿರುತ್ತದೆ. ಆ ಪದರುಗಳೇ ಬಿಸಿಯನ್ನು ಬೇಗ ಸಾಗಿಸುತ್ತವೆ, ನಡುಕವನ್ನು ನುಂಗುತ್ತವೆ. ಅಂದರೆ ಉಕ್ಕು ಆಗಿರದೆ ಇರುವುದೇ ಅದರ ದೊಡ್ಡ ಗುಣ! ಅದನ್ನು ಉಕ್ಕು ಎಂದು ಕರೆದು ನಾವೇ ಆ ಗುಣವನ್ನು ಮುಚ್ಚಿಡುತ್ತಿದ್ದೇವೆ.

ಇನ್ನೊಂದು ತೊಡಕೂ ಇದೆ. ಮೋಟಾರ್ ಸೈಕಲ್‌ಗಳ ಡಿಸ್ಕ್ ಹೆಚ್ಚಾಗಿ ನಿಜವಾಗಿಯೂ ಉಕ್ಕಿನದು, ಸ್ಟೇನ್‌ಲೆಸ್ ಸ್ಟೀಲ್. ಹಾಗಾಗಿ ತೊಳೆದು ನಿಲ್ಲಿಸಿದ ಬೈಕಿನ ಡಿಸ್ಕ್ ಮಾರನೆಯ ದಿನವೂ ಹೊಳೆಯುತ್ತದೆ. ಕಾರಿನದು ರಾತ್ರಿ ಕಳೆಯುವುದರೊಳಗೆ ಕಿತ್ತಳೆ ಬಣ್ಣದ ತುಕ್ಕು ಹೊದ್ದುಕೊಂಡಿರುತ್ತದೆ. ಒಂದೆರಡು ಸಲ ಬ್ರೇಕ್ ಒತ್ತಿದರೆ ಅದು ಉಜ್ಜಿ ಹೋಗುತ್ತದೆ, ಗಾಬರಿ ಬೇಡ. ಆದರೆ ಎರಡನ್ನೂ ‘ಉಕ್ಕಿನ ಡಿಸ್ಕ್’ ಎಂದರೆ, ಒಂದಕ್ಕೆ ತುಕ್ಕು ಹಿಡಿಯುತ್ತದೆ, ಇನ್ನೊಂದಕ್ಕೆ ಇಲ್ಲ, ಯಾಕೆ ಎಂದು ಓದುಗರಿಗೆ ಹೇಗೆ ತಿಳಿಯಬೇಕು?

ಉಕ್ಕು ನಮ್ಮ ಹೆಮ್ಮೆಯ ಪದ. ‘ವೂಟ್ಜ್’ ಎಂದು ಜಗತ್ತೆಲ್ಲ ಕರೆದ ಉಕ್ಕಿನ ಹೆಸರು ಕನ್ನಡದ ಈ ಪದದಿಂದಲೇ ಬಂದಿರಬೇಕು ಎಂದು ಹಲವರು ಒಪ್ಪುತ್ತಾರೆ. ಅಂಥ ಪದವನ್ನು ಉಕ್ಕಲ್ಲದ ವಸ್ತುವಿಗೆ ಅಂಟಿಸಲು ನನಗೆ ಮನಸ್ಸು ಬರುತ್ತಿಲ್ಲ. ‘ಬೀಡು ಕಬ್ಬಿಣದ ಡಿಸ್ಕ್’ ಎಂದರೆ ತೀರಾ ಸರಿ. ಆದರೆ ಇಂದಿನ ಓದುಗರಿಗೆ ಬೀಡು ಅಂದರೆ ಮೊದಲು ಊರು, ನೆಲೆ ನೆನಪಾಗುತ್ತದೆ. ‘ಎರಕದ ಡಿಸ್ಕ್’ ಎಂದರೆ ಯಾವ ಲೋಹ ಅನ್ನುವುದು ತಪ್ಪಿಹೋಗುತ್ತದೆ. ‘ಕಬ್ಬಿಣದ ಡಿಸ್ಕ್’ ಸಾಕು ಅನ್ನುವುದು ನನ್ನ ಒಲವು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಪೋರ್ಷೆ 2017ರ ಕಯೆನ್ ಕಾರಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ ಕೊಟ್ಟ ಡಿಸ್ಕ್ ತಂದಿತು. ಲೇಪದ ಕೆಳಗೆ ಇರುವುದು ಅದೇ ಕಬ್ಬಿಣ. ಧೂಳು ತುಂಬಾ ಕಡಿಮೆ. ಇದನ್ನು ‘ಲೇಪದ ಕಬ್ಬಿಣದ ಡಿಸ್ಕ್’ ಎಂದರೆ ಮೂರನೆಯ ಆಯ್ಕೆಗೂ ಹೆಸರು ತಾನಾಗಿಯೇ ಸಿಗುತ್ತದೆ.

ಈಗ ಕ್ರಿಯಾಪದಗಳಿಗೆ ಬರೋಣ. ಇಲ್ಲಿ ಪುಸ್ತಕಕ್ಕಿಂತ ಗ್ಯಾರೇಜಿನ ಕನ್ನಡ ಎಷ್ಟೋ ಮುಂದಿದೆ. ಇಂಗ್ಲಿಷಿನಲ್ಲಿ ಒಳ್ಳೆಯ ಬ್ರೇಕಿಗೆ ‘ಬೈಟ್’ ಇದೆ ಎಂದು ಹೊಗಳುತ್ತಾರೆ. ನಾನು ಹಿಂದೆ ಮುಂದೆ ನೋಡದೆ ‘ಚೆನ್ನಾಗಿ ಕಚ್ಚುತ್ತದೆ’ ಎಂದು ಬರೆದಿದ್ದೆ. ಇದು ದೊಡ್ಡ ತಪ್ಪು. ಕನ್ನಡದಲ್ಲಿ “ಬ್ರೇಕ್ ಕಚ್ಕೊಂಡಿದೆ” ಎಂದರೆ ಅದು ದೂರು. ಕಾಲು ತೆಗೆದರೂ ಪ್ಯಾಡ್ ಬಿಡುತ್ತಿಲ್ಲ, ಚಕ್ರ ಬಿಗಿಯಾಗಿದೆ, ಕಾರು ಎಳೆಯುತ್ತಿಲ್ಲ ಎಂದು ಅರ್ಥ. ಹೊಗಳಿಕೆಗೆ ನಮ್ಮ ಪದ ‘ಹಿಡಿಯುವುದು’. “ಬ್ರೇಕ್ ಚೆನ್ನಾಗಿ ಹಿಡೀತಿದೆ”, “ಬ್ರೇಕ್ ಹಿಡೀತಾನೇ ಇಲ್ಲ”. ಇಷ್ಟರಲ್ಲೇ ಎಲ್ಲ ಬಂತು.

ಕಾದ ಬ್ರೇಕ್ ಸೋಲುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಫೇಡ್’ ಅನ್ನೂ ಇದೇ ಪದದಿಂದ ಹೇಳಬಹುದು ಅನ್ನಿಸುತ್ತದೆ. ‘ಮಾಸು’, ‘ಮಂಕಾಗು’ ಎಂದರೆ ಬಟ್ಟೆಯ ಬಣ್ಣವೋ ದೀಪವೋ ಕಣ್ಣಿಗೆ ಬರುತ್ತದೆ. ಇಲ್ಲಿ ಆಗುವುದು ಬೇರೆ. 1500 ಕೆ.ಜಿ. ತೂಕದ ಕಾರು ಗಂಟೆಗೆ 200 ಕಿ.ಮೀ. ವೇಗದಲ್ಲಿದೆ ಎನ್ನಿ. ಅದನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಬಿಸಿಗೆ ಏಳು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಕ್ತಿ. ಅದರ ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಡಿಸ್ಕ್‌ಗಳಿಗೆ ಇಳಿಯುತ್ತದೆ. ಒಂದು ಸಲ ಆದರೆ ಯಾವ ಡಿಸ್ಕ್ ಆದರೂ ತಾಳುತ್ತದೆ. ಮತ್ತೆ ಮತ್ತೆ ಆದಾಗ ಪ್ಯಾಡ್ ಮಿತಿಮೀರಿ ಕಾದು ಘರ್ಷಣೆ ಕಡಿಮೆಯಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ‘ಬಿಸಿಗೆ ಹಿಡಿತ ಬಿಡುವುದು’ ಎಂದರೆ ಹೇಗೆ? ಹಾಗೆ ಬರೆದರೆ ಸೆರಾಮಿಕ್ ಡಿಸ್ಕ್‌ನ ದೊಡ್ಡ ಗುಣವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಕೆಂಪಗೆ ಕಾದರೂ ಬೇಗ ಹಿಡಿತ ಬಿಡುವುದಿಲ್ಲ.

ಇನ್ನೊಂದು ಬಗೆಯ ಸೋಲೂ ಇದೆ. ಅಲ್ಲಿ ಪೆಡಲಿನ ಒತ್ತನ್ನು ಚಕ್ರದವರೆಗೆ ಸಾಗಿಸುವ ಬ್ರೇಕ್ ದ್ರವವೇ ಕುದಿಯುತ್ತದೆ, ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಷ್ಟು ದುಬಾರಿ ಡಿಸ್ಕ್ ಹಾಕಿದರೂ ಹಳೆಯ ದ್ರವ ಇದ್ದರೆ ಈ ಸೋಲು ತಪ್ಪಿದ್ದಲ್ಲ. ಇದನ್ನು ‘ಪೆಡಲ್ ಇಳಿಯುವುದು’ ಎಂದು ಬೇರೆಯಾಗಿಯೇ ಬರೆಯಬೇಕು. ಎರಡಕ್ಕೂ ಸೇರಿಸಿ ‘ಬ್ರೇಕ್ ಫೇಲ್’ ಅನ್ನುವ ರೂಢಿ ನನಗೆ ಒಪ್ಪಿಗೆ ಇಲ್ಲ. ಕಾರಣ ಬೇರೆ, ಮದ್ದೂ ಬೇರೆ.

ಅಂದ ಹಾಗೆ, ನಾವೆಲ್ಲ ಹೇಳುವ ‘ಬ್ರೇಕ್ ಆಯಿಲ್’ ಎಣ್ಣೆ ಅಲ್ಲ. ಇಂಜಿನ್ ಎಣ್ಣೆಯನ್ನು ಅಲ್ಲಿಗೆ ಸುರಿದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಆದರೆ ಈ ಪದವನ್ನು ತೆಗೆದುಹಾಕುವ ಶಕ್ತಿ ನನಗಿಲ್ಲ. ಲೇಖನದಲ್ಲಿ ಒಮ್ಮೆ ‘ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ’ ಎಂದು ಹೇಳಿ ಮುಂದೆ ಹೋಗುತ್ತೇನೆ.

‘ಸವೆತ’ದ ಬಗ್ಗೆ ನಿಮ್ಮ ಅಭಿಪ್ರಾಯ ಮುಖ್ಯವಾಗಿ ಬೇಕು. ಕಬ್ಬಿಣದ ಡಿಸ್ಕ್ ಸವೆಯುತ್ತದೆ. ದಪ್ಪ ಕಡಿಮೆಯಾಗುತ್ತದೆ. ಕನಿಷ್ಠ ಎಷ್ಟು ಮಿ.ಮೀ. ಇರಬೇಕು ಎಂದು ಡಿಸ್ಕ್ ಮೇಲೆಯೇ ಕೆತ್ತಿರುತ್ತಾರೆ. ಸೆರಾಮಿಕ್ ಡಿಸ್ಕ್ ಹಾಗಲ್ಲ. ಅದರ ಮೈ ಸವೆಯುವುದು ಬಹಳ ನಿಧಾನ. ಆದರೆ ಜೋರಾಗಿ ಕಾಯುತ್ತಾ ಹೋದರೆ ಒಳಗಿನ ಕಾರ್ಬನ್ ಸ್ವಲ್ಪ ಸ್ವಲ್ಪವೇ ಉರಿದುಹೋಗುತ್ತದೆ. ದಪ್ಪ ಹಾಗೇ ಇದ್ದು ತೂಕ ಇಳಿಯುತ್ತದೆ. ಹಾಗಾಗಿ ಅದರ ಮೇಲೆ ಕೆತ್ತುವುದು ಕನಿಷ್ಠ ತೂಕ. ಬಿಚ್ಚಿ ತಕ್ಕಡಿಗೆ ಹಾಕಿ ನೋಡುವುದೂ ಒಂದು ಪರೀಕ್ಷೆ. ಹೊರಗೆ ಚೆನ್ನಾಗಿ ಕಂಡು ಒಳಗೆ ಇಳಿದುಹೋಗುವ ಈ ಬಗೆಗೆ ‘ಸವೆತ’ ಸರಿಯಾಗದು. ನನಗೆ ಹೊಳೆದದ್ದು ‘ಸೊರಗು’. ಕಬ್ಬಿಣದ ಡಿಸ್ಕ್ ಸವೆಯುತ್ತದೆ, ಸೆರಾಮಿಕ್ ಡಿಸ್ಕ್ ಸೊರಗುತ್ತದೆ. ಬರೆದ ಮೇಲೆ ತುಂಬಾ ಖುಷಿಯಾಯಿತು. ಆದರೆ ಜೀವ ಇಲ್ಲದ ವಸ್ತುವಿಗೆ ‘ಸೊರಗು’ ಎಂದರೆ ಓದುಗರು ಒಪ್ಪುತ್ತಾರಾ?

ಈ ಒಂದು ವ್ಯತ್ಯಾಸದಲ್ಲೇ ಆಯ್ಕೆಯ ಅರ್ಧ ಉತ್ತರ ಇದೆ. ರಸ್ತೆಯಲ್ಲಿ ಓಡಿಸುವವರ ಸೆರಾಮಿಕ್ ಡಿಸ್ಕ್ ಸೊರಗುವಷ್ಟು ಕಾಯುವುದೇ ಅಪರೂಪ, ವರ್ಷಗಟ್ಟಲೆ ಬಾಳುತ್ತದೆ. ತುಕ್ಕಿಲ್ಲ, ರಿಮ್ ಮೇಲೆ ಕಪ್ಪು ಧೂಳು ಬಹಳ ಕಡಿಮೆ. ರೇಸ್ ಟ್ರ್ಯಾಕಿಗೆ ಪದೇ ಪದೇ ಹೋಗುವವರಲ್ಲಿ ಎಷ್ಟೋ ಮಂದಿ ಸೆರಾಮಿಕ್ ಬಿಚ್ಚಿಟ್ಟು ಕಬ್ಬಿಣ ಹಾಕಿಕೊಳ್ಳುತ್ತಾರೆ. ಯಾಕೆಂದರೆ ಅಲ್ಲಿ ಡಿಸ್ಕ್ ಬೇಗ ಮುಗಿಯುತ್ತದೆ, ಸೆರಾಮಿಕ್‌ನ ಬೆಲೆ ಕಬ್ಬಿಣದ ಹಲವು ಪಟ್ಟು. ಇನ್ನು, ಸೆರಾಮಿಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂದು ನಂಬಿ ಕೊಳ್ಳುವವರಿಗೆ ನಾನು ನೇರವಾಗಿ ಬೇಡ ಎಂದೇ ಹೇಳುತ್ತೇನೆ. ಒಂದು ಸಲ ಜೋರಾಗಿ ಒತ್ತಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಟೈರು.

ಸೆರಾಮಿಕ್‌ಗೆ ನಿಜವಾದ ಬಲ ಇರುವುದು ತೂಕದಲ್ಲಿ. ಅದು ಕಬ್ಬಿಣದ ಡಿಸ್ಕ್‌ನ ಸುಮಾರು ಅರ್ಧ ತೂಗುತ್ತದೆ. ಪೋರ್ಷೆ 2001ರಲ್ಲಿ 911 ಜಿಟಿ2 ಕಾರಿಗೆ ಇದನ್ನು ಕೊಟ್ಟಾಗಲೂ ಈ ಮಾತು ಮುಂದೆ ಇತ್ತು. ಈ ತೂಕ ಚಕ್ರದ ಜೊತೆಗೇ ಕುಣಿಯುವಂಥದ್ದು, ಸ್ಪ್ರಿಂಗ್ ಮೇಲೆ ಕೂತ ಮೈಯಂತಲ್ಲ. ಅದು ಕಡಿಮೆಯಾದರೆ ಉಬ್ಬುತಗ್ಗಿನಲ್ಲಿ ಟೈರು ನೆಲ ಬಿಡುವುದು ಕಡಿಮೆ, ಸ್ಟೀರಿಂಗ್ ಹಗುರ. ‘ಅನ್‌ಸ್ಪ್ರಂಗ್ ವೇಟ್’ ಅನ್ನುವ ಇದಕ್ಕೆ ‘ಸ್ಪ್ರಿಂಗ್ ಹೊರದ ತೂಕ’ ಎಂದು ಬರೆದಿದ್ದೇನೆ. ಕಾರಿನ ಮೈಯನ್ನು ಸ್ಪ್ರಿಂಗ್ ಹೊರುತ್ತದೆ, ಚಕ್ರವನ್ನು ಹೊರುವುದಿಲ್ಲ. ಅರ್ಥ ಸರಿಯಾಗಿದೆ. ಆದರೆ ‘ಹೊರದ’ ಅನ್ನುವುದನ್ನು ಬೇಗ ಓದಿದರೆ ‘ಹೊರಗಿನ’ ಎಂದು ಕಾಣುತ್ತದೆ ಎಂದು ತಂಗಿ ಹೇಳಿದಳು. ‘ಸ್ಪ್ರಿಂಗ್ ಕೆಳಗಿನ ತೂಕ’ ಎಂದು ಬದಲಿಸಲೇ? ಇಲ್ಲಾ ಇದಕ್ಕೆ ಗ್ಯಾರೇಜಿನಲ್ಲೋ ಗಾಡಿ ಕಟ್ಟುವವರ ಬಾಯಲ್ಲೋ ಬೇರೆ ಮಾತು ಕೇಳಿದ್ದೀರಾ?