ಗೋವಕ್ಕಿಯ ಹೆಸರು ಬದಲಾಗಿದ್ದೇಕೆ? ಜಗತ್ತಿನ ಹಕ್ಕಿಗಳ ಲೆಕ್ಕ ಏರುತ್ತಿರುವುದು ಹೇಗೆ?

ಗದ್ದೆಬದು (ಗಂಗಾವತಿ):
ತುಂಗಭದ್ರಾ ಎಡದಂಡೆ ಕಾಲುವೆಯ ಆಸುಪಾಸಿನಲ್ಲಿ ಕಂಡ ಹಕ್ಕಿಗಳನ್ನು ಹತ್ತು ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಇತ್ತೀಚೆಗೆ ಹಕ್ಕಿ ನೋಡುವವರ ಜಾಲತಾಣವಾದ ಇ-ಬರ್ಡ್‌ನಲ್ಲಿಯೂ ದಾಖಲಿಸುತ್ತೇನೆ. ಗದ್ದೆಯಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರಿನ ಬೆನ್ನು ಹತ್ತಿ ಬರುವ ಗೋವಕ್ಕಿಯ ಹೆಸರಿಗೆ ಇ-ಬರ್ಡ್ ಪಟ್ಟಿಯ 2024ರ ಅಕ್ಟೋಬರಿನ ಪರಿಷ್ಕರಣೆಯಲ್ಲಿ 'ಪೂರ್ವದ' ಎಂಬ ಮಾತು ಅಂಟಿಕೊಂಡಿತು. ಹಕ್ಕಿ ಅದೇ, ಗದ್ದೆಯೂ ಅದೇ. ನನ್ನಲ್ಲಿರುವ ಹಳೆಯ ಪುಸ್ತಕವೊಂದು ಜಗತ್ತಿನಲ್ಲಿ ಸುಮಾರು ಒಂಬತ್ತು ಸಾವಿರ ಪ್ರಭೇದಗಳಿವೆ ಎನ್ನುತ್ತದೆ. 2025ರ ಜೂನಿನಲ್ಲಿ ಬಂದ ಏವಿಲಿಸ್ಟ್ ಎಂಬ ಜಾಗತಿಕ ಹಕ್ಕಿಪಟ್ಟಿ 11,131 ಎನ್ನುತ್ತದೆ. ಇಷ್ಟರೊಳಗೆ ಎರಡು ಸಾವಿರ ಹೊಸ ಹಕ್ಕಿಗಳು ಸಿಕ್ಕವೆಂದು ನಂಬಬೇಕೇ?

ಕೋಟೆಗುಡ್ಡ (ಬಳ್ಳಾರಿ):
ಹಾಗೆ ನಂಬಬೇಕಿಲ್ಲ. ಏರಿಕೆಯ ಬಹುಪಾಲು, ಮೊದಲು ಉಪಪ್ರಭೇದವೆಂದು ಒಂದೇ ಹೆಸರಿನಡಿ ಇಟ್ಟಿದ್ದ ಹಕ್ಕಿಗಳನ್ನು ಬೇರೆ ಬೇರೆ ಪ್ರಭೇದಗಳೆಂದು ಒಪ್ಪಿಕೊಂಡದ್ದರಿಂದ ಬಂದದ್ದು. ನಿಮ್ಮ ಗೋವಕ್ಕಿಗೆ 'ಕೊರೊಮಂಡಾ' ಎಂಬ ವೈಜ್ಞಾನಿಕ ಹೆಸರನ್ನು ಡಚ್ ನಿಸರ್ಗವಿಜ್ಞಾನಿ ಬೊಡ್ಡೇರ್ಟ್ ಇಟ್ಟದ್ದು 1783ರಲ್ಲಿ. ನಮ್ಮ ಕೋರಮಂಡಲ ತೀರದ ನೆನಪು ಅದರಲ್ಲಿದೆ. ಆಮೇಲೆ ಬಹುಕಾಲ ಆಫ್ರಿಕಾ, ಯುರೋಪಿನ ಗೋವಕ್ಕಿಯ ಜೊತೆ ಅದನ್ನು ಒಂದುಗೂಡಿಸಿದ್ದರು. ಸಂತಾನಕಾಲದ ಹಕ್ಕಿಯನ್ನು ಹತ್ತಿರದಿಂದ ನೋಡಿ: ನಮ್ಮದರಲ್ಲಿ ಕೆನ್ನೆ, ಗಂಟಲು, ಕುತ್ತಿಗೆಯೆಲ್ಲ ಕಿತ್ತಳೆಗೆ ತಿರುಗುತ್ತವೆ, ಪಶ್ಚಿಮದ್ದರಲ್ಲಿ ನೆತ್ತಿ, ಎದೆ, ಬೆನ್ನಿಗೆ ಮಾತ್ರ ಬಣ್ಣ, ಕೆನ್ನೆ ಬಿಳಿಯಾಗಿಯೇ ಉಳಿಯುತ್ತದೆ. ಉಳಿದ ತಿಂಗಳುಗಳಲ್ಲಿ ಎರಡೂ ಬರೀ ಬಿಳಿ ಹಕ್ಕಿಗಳೇ.

ಇನ್ನೊಂದು ತೊಡಕೂ ಇತ್ತು. ಜಗತ್ತಿನ ಹಕ್ಕಿಗಳಿಗೆ ಹಲವು ಪಟ್ಟಿಗಳಿದ್ದು, ಒಂದರಲ್ಲಿ ಎರಡು ಪ್ರಭೇದವಾಗಿದ್ದದ್ದು ಇನ್ನೊಂದರಲ್ಲಿ ಒಂದೇ ಆಗಿರುತ್ತಿತ್ತು. ಆ ಭಿನ್ನಮತವನ್ನು ಒಂದೆಡೆ ಕೂತು ಬಗೆಹರಿಸಲು ಹೊರಟಿದ್ದೇ ಏವಿಲಿಸ್ಟ್.

ಮಸ್ಕಿಬಂಡೆ (ರಾಯಚೂರು):
ಗುರುಗಳೇ, ಇದು ಲೆಕ್ಕ ಹೆಚ್ಚಿಸುವ ಹವ್ಯಾಸದಂತೆ ಕಾಣುತ್ತದೆ. ಗರಿಯ ಬಣ್ಣ ಸ್ವಲ್ಪ ಬೇರೆಯಾದ ಮಾತ್ರಕ್ಕೆ ಹೊಸ ಪ್ರಭೇದವೇ? ಮತ್ತೆ, ಯಾರೂ ಹೆಸರಿಡದ ಹಕ್ಕಿ ಈಗಲೂ ಸಿಗುತ್ತದೆಯೇ?

ಕೋಟೆಗುಡ್ಡ (ಬಳ್ಳಾರಿ):
ಒಡೆಯುವುದು ಮಾತ್ರವಲ್ಲ, ಕೂಡಿಸುವುದೂ ಉಂಟು. ಅದೇ 2024ರ ಪರಿಷ್ಕರಣೆಯಲ್ಲಿ ರೆಡ್‌ಪೋಲ್ ಎಂಬ ಉತ್ತರ ದೇಶಗಳ ಪುಟ್ಟ ಹಕ್ಕಿಯ ಮೂರು ಪ್ರಭೇದಗಳನ್ನು ಒಂದು ಮಾಡಿದರು. ಬಣ್ಣವೊಂದನ್ನೇ ನೆಚ್ಚುವ ಕಾಲವೂ ಹೋಯಿತು. 2009ರಲ್ಲಿ ಅರುಣಾಚಲದಲ್ಲಿ ಒಂದೇ ಪ್ರಭೇದ ಎಂದುಕೊಂಡಿದ್ದ ನೆಲಸಿಳ್ಳಾರ ಹಕ್ಕಿಯ ಹಾಡು ಸೂಚಿಪರ್ಣಿ ಕಾಡಿನಲ್ಲಿ ಇಂಪಾಗಿಯೂ, ಮರಗಳ ಎಲ್ಲೆ ಮೀರಿದ ಬಂಡೆಗಳ ನಡುವೆ ಒರಟಾಗಿಯೂ ಕೇಳಿಸಿತು. ಅನುಮಾನ ಬಂದವರು ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ಅಳೆದು, ಡಿಎನ್‌ಎ ಹೋಲಿಸಿ, 2016ರಲ್ಲಿ ಕಾಡಿನದಕ್ಕೆ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು.

ನಿಜವಾಗಿಯೂ ಹೊಸದು ಸಿಗುವುದು ಅಪರೂಪ. ಅರುಣಾಚಲದ ಈಗಲ್‌ನೆಸ್ಟ್ ಅಭಯಾರಣ್ಯದಲ್ಲಿ ಖಗೋಳವಿಜ್ಞಾನಿ, ಹಕ್ಕಿ ವೀಕ್ಷಕ ರಮಣ ಆತ್ರೇಯರು 1995ರಲ್ಲಿ ಕಂಡ ಹಕ್ಕಿಗೆ ಬುಗುನ್ ಲಿಯೊಸಿಕ್ಲ ಎಂಬ ಹೆಸರು ಬಂದದ್ದು 2006ರಲ್ಲಿ. ಸಂಖ್ಯೆ ತೀರ ಕಡಿಮೆಯೆಂದು ಅದನ್ನು ಮಾದರಿಗಾಗಿ ಕೊಲ್ಲದೆ, ಬಲೆಗೆ ಬಿದ್ದದ್ದನ್ನು ಹಾರಿಬಿಟ್ಟು, ಗರಿ, ಚಿತ್ರ, ಧ್ವನಿಮುದ್ರಣಗಳ ಆಧಾರದಲ್ಲೇ ವಿವರಿಸಿದರು. ನನ್ನ ಮಟ್ಟಿಗೆ ಇದು ಆ ಆವಿಷ್ಕಾರದಷ್ಟೇ ದೊಡ್ಡ ಸಂಗತಿ.

ಮಸ್ಕಿಬಂಡೆ (ರಾಯಚೂರು):
ಹಾಡಿನ ಮಾತು ಒಪ್ಪಿದೆ. ನಮ್ಮ ಬಂಡೆಗುಡ್ಡಗಳ ಹಳದಿ ಕೊರಳಿನ ಪಿಕಳಾರವನ್ನೂ ನಾನು ಕಣ್ಣಿಗಿಂತ ಕಿವಿಯಿಂದಲೇ ಮೊದಲು ಗುರುತಿಸುವುದು.

ಗದ್ದೆಬದು (ಗಂಗಾವತಿ):
ನೋಟ್‌ಬುಕ್ ತೆಗೆದು ನೋಡಿದೆ. ನಾಟಿಯ ಹೊತ್ತಿನ ಒಂದು ಪುಟದಲ್ಲಿ "ಕೆನ್ನೆಯೂ ಕೇಸರಿ" ಎಂದು ನಾನೇ ಬರೆದಿದ್ದೇನೆ, ಏಕೆ ಬರೆದೆನೋ ನೆನಪಿಲ್ಲ. ಇ-ಬರ್ಡ್‌ನಲ್ಲಿದ್ದ ಹಳೆಯ ದಾಖಲೆಗಳು ತಾವಾಗಿಯೇ ಹೊಸ ಹೆಸರಿಗೆ ಬದಲಾಗಿವೆ. ನೋಟ್‌ಬುಕ್ಕಿನಲ್ಲಿ ಮಾತ್ರ ಹಳೆಯ ಹೆಸರನ್ನು ಹೊಡೆದುಹಾಕದೆ, ಪಕ್ಕದಲ್ಲಿ ಹೊಸದನ್ನು ಪೆನ್ಸಿಲ್ಲಿನಿಂದ ಬರೆದಿದ್ದೇನೆ. ಮುಂದಿನ ಪರಿಷ್ಕರಣೆಯಲ್ಲಿ ಅಳಿಸಬೇಕಾಗಿ ಬಂದರೂ ಬಂದೀತು.