ಸ್ನಾಯು ಸೊರಗಿದರೆ ಇಡೀ ದೇಹಕ್ಕೆ ಮುಪ್ಪು ಬೇಗ ಬರುತ್ತಾ?

ಪ್ರಶ್ನೆ:
ವಯಸ್ಸಾದ ಮೇಲೆ ಸ್ನಾಯು ಸೊರಗುವುದು ಸಹಜ ಅಂತಾರೆ. ಅದು ಮುಪ್ಪಿನ ಲಕ್ಷಣ ಮಾತ್ರವೋ, ಉಳಿದ ಅಂಗಗಳನ್ನೂ ಮುದಿಯಾಗಿಸುವ ಕಾರಣವೋ? ತೂಕ ಇಳಿಯದವರಲ್ಲೂ ಸ್ನಾಯು ಕಡಿಮೆಯಾಗಿರಬಹುದಾ? ಮನೆಯಲ್ಲೇ ತಿಳಿಯೋದು ಹೇಗೆ?

ಉತ್ತರ 1:
ಹಣ್ಣಿನ ನೊಣಗಳಲ್ಲಂತೂ ಕಾರಣವೇ. 2010ರಲ್ಲಿ ಡೆಮಾಂಟಿಸ್ ಮತ್ತು ಪೆರಿಮನ್ ಎಂಬ ವಿಜ್ಞಾನಿಗಳು ನೊಣದ ಸ್ನಾಯುವಿನಲ್ಲಿ ಮಾತ್ರ ಫಾಕ್ಸೋ ಎಂಬ, ಜೀನುಗಳನ್ನು ನಿಯಂತ್ರಿಸುವ ಪ್ರೋಟೀನಿನ ಕೆಲಸ ಹೆಚ್ಚಿಸಿದರು. ಬೇರೆ ಅಂಗಗಳಲ್ಲೂ ಕೆಟ್ಟ ಪ್ರೋಟೀನ್ ಗಂಟು ಕಟ್ಟುವುದು ತಗ್ಗಿತು, ಆಯಸ್ಸೂ ಹೆಚ್ಚಿತು. ಮನುಷ್ಯರಲ್ಲಿ ಇಷ್ಟು ನೇರ ಪುರಾವೆ ಇಲ್ಲ. ಆದರೆ ಇನ್ಸುಲಿನ್ ಏರಿದಾಗ ಗ್ಲೂಕೋಸಿನ ಬಹುಪಾಲನ್ನು ಎಳೆದುಕೊಳ್ಳುವುದು ಸ್ನಾಯುವೇ. ಆ ಉಗ್ರಾಣ ಕಿರಿದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಸೋಂಕು, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ದೇಹ ಅಮೈನೋ ಆಮ್ಲ ತೆಗೆಯುವುದೂ ಅಲ್ಲಿಂದಲೇ. ಠೇವಣಿ ಮೊದಲೇ ಕರಗಿದವರು ಚೇತರಿಸಿಕೊಳ್ಳುವುದು ನಿಧಾನ.

ತೂಕವನ್ನು ನಂಬಬೇಡಿ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತರೆ ತಕ್ಕಡಿಗೆ ಗೊತ್ತಾಗಲ್ಲ.

ಉತ್ತರ 2:
ಮನೆ ಪರೀಕ್ಷೆಗೆ ಕೈಯಿಲ್ಲದ ಗಟ್ಟಿ ಕುರ್ಚಿ ಸಾಕು. ಕುರ್ಚಿಯ ಬೆನ್ನು ಗೋಡೆಗೆ ಆನುವಂತೆ ಇಡಿ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತೆ. ತೋಳುಗಳನ್ನು ಎದೆಗೆ ಅಡ್ಡ ಕಟ್ಟಿ 5 ಸಲ ಎದ್ದು ಕೂರಿ. ಸ್ನಾಯು ಸೊರಗಿದ್ದನ್ನು ಗುರುತಿಸುವ ಏಷ್ಯಾದ 2019ರ ಮಾನದಂಡದಲ್ಲಿ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರಿಕೆ. ಯುರೋಪಿನದರಲ್ಲಿ 15 ದಾಟಿದರೆ. ಎಡವುವುದು ಎರಡು ಕಡೆ: ಮಂಡಿ ಪೂರ್ತಿ ನೆಟ್ಟಗಾಗುವ ಮೊದಲೇ ಕೂರುವುದು, ದೊಪ್ಪನೆ ಬೀಳುವುದು. ಮಂಡಿನೋವಿದ್ದರೂ ಸಮಯ ಜಾಸ್ತಿಯಾಗುತ್ತೆ, ಆಗ ಕೈಹಿಡಿತದ ಬಲವನ್ನು ಮಾಪಕದಲ್ಲಿ ಅಳೆಸಿ. ಏಷ್ಯಾದ ಮಾನದಂಡದಲ್ಲಿ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆಯಾದರೆ ಬಲ ಕುಗ್ಗಿದೆ ಅಂತಲೇ.

ಉತ್ತರ 3:
ಹಿಡಿತದ ಮಾತು ಬಂದಿದ್ದಕ್ಕೆ ಒಂದು ತಿದ್ದುಪಡಿ. 2015ರಲ್ಲಿ ಪ್ರಕಟವಾದ, 17 ದೇಶಗಳ ಪ್ಯೂರ್ ಅಧ್ಯಯನದಲ್ಲಿ ಹಿಡಿತ 5 ಕೆ.ಜಿ. ಕಡಿಮೆಯಾದಷ್ಟೂ ಸಾವಿನ ಅಪಾಯ 16% ಹೆಚ್ಚು ಕಂಡಿತ್ತು. ಅದನ್ನೋದಿ ರಬ್ಬರ್ ಚೆಂಡು ಹಿಸುಕುತ್ತಾ ಕೂರುವವರಿದ್ದಾರೆ! ಹಿಡಿತ ಬರೀ ಮೀಟರು. ದುಡಿಸಬೇಕಾದ್ದು ತೊಡೆ, ಪೃಷ್ಠ, ಬೆನ್ನು.

ನಡಿಗೆಯೊಂದೇ ಸಾಲದು. ವಯಸ್ಸಿನಲ್ಲಿ ಹೆಚ್ಚು ಸಣ್ಣಗಾಗುವುದು ಸ್ನಾಯುವಿನಲ್ಲಿ ಥಟ್ಟನೆ ಬಲ ಕೊಡುವ ವೇಗದ ಎಳೆಗಳು. ನಿಧಾನದ ನಡಿಗೆ ಅವನ್ನು ಕರೆಯುವುದೇ ಇಲ್ಲ, ಭಾರ ಬೇಕು. ವಾರಕ್ಕೆ 2–3 ದಿನ, ಪ್ರತಿ ವ್ಯಾಯಾಮ 8–12 ಸಲ, ಅಂಥ 2–3 ಸೆಟ್. ಕೊನೆಯ ಎರಡು ಸಲ ಕಷ್ಟವಾಗಬೇಕು. 12 ಸಲೀಸಾದರೆ ಭಾರ ಏರಿಸಿ. ಹೆಚ್ಚಿನವರು ತಿಂಗಳುಗಟ್ಟಲೆ ಒಂದೇ ಭಾರಕ್ಕೆ ಅಂಟಿಕೊಂಡು, ಫಲ ಸಿಗಲಿಲ್ಲ ಅಂತ ಬಿಡುತ್ತಾರೆ. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಜಿಗಿಯುತ್ತೆ.

ಪ್ರೋಟೀನ್ ದಿನಕ್ಕೆ ಕೆ.ಜಿ. ತೂಕಕ್ಕೆ 1–1.2 ಗ್ರಾಂ. ಅದನ್ನೆಲ್ಲ ರಾತ್ರಿಯೂಟಕ್ಕೇ ತುಂಬಬೇಡಿ. ಮುದಿ ಸ್ನಾಯುವಿಗೆ ಚುರುಕು ಮುಟ್ಟಲು ಒಂದೊಂದು ಹೊತ್ತಿಗೂ 25–30 ಗ್ರಾಂ ಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಏರಿಸಬಾರದು.